ಕಡ ತಂದ ಜಟ್ಟಿ

ಹಲ್ಲುಜ್ಜುತ್ತಿರುವ ಮನುಷ್ಯನನ್ನು ಯಾರೂ ಮುಖ್ಯವಾದ ಪ್ರಶ್ನೆ ಕೇಳಬಾರದು. ಕೇಳಿದರೆ ಏನಾಗುತ್ತದೆ ಎಂಬುದಕ್ಕೆ, ಹಿಂದೊಂದು ಮುಂದೊಂದು ಕಟ್ಟಡವಿದ್ದ ಒಂದು ವಸತಿ ಸಮುಚ್ಚಯದ ಹಿಂದಿನ ಕಟ್ಟಡದ ಮೂರನೇ ಮಹಡಿಯ ಸದ್ಗೃಹಸ್ಥನೇ ಸಾಕ್ಷಿ. ಅವನು ಆ ಮನೆಗೆ ಸಾಮಾನು ಸಾಗಿಸಿದ ಮಾರನೆಯ ಬೆಳಿಗ್ಗೆ ಲಿಫ್ಟು ಕೆಟ್ಟು ನಿಂತಿತ್ತು. ನಿವಾಸಿಗಳ ಸಂಘದ ಅಧ್ಯಕ್ಷರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಬಾಗಿಲಲ್ಲಿ ಬ್ರಶ್ ಹಿಡಿದು ನಿಂತಿದ್ದ ಅವನ ಅಂಗಿಯ ಜೇಬಿನ ಮೇಲೆ ಹೊಲಿದಿದ್ದ ಕಂಪನಿಯ ಹೆಸರು ಓದಿ, "ಓಹೋ, ಲಿಫ್ಟ್ ಕಂಪನಿಯೋರು! ಎಂಜಿನಿಯರ್ರಾ?" ಎಂದರು. ಅವನ ಬಾಯ್ತುಂಬ ನೊರೆ. 'ಸ್ವಲ್ಪ ಇರಿ, ಉಗಿದು ಬಂದು ಹೇಳುತ್ತೇನೆ' ಎಂಬರ್ಥದಲ್ಲಿ ತಲೆಯಾಡಿಸಿ ಒಳಗೆ ಓಡಿದ. ಬಾಯಿ ಮುಕ್ಕಳಿಸಿ ಬರುವಷ್ಟರಲ್ಲಿ ಅಧ್ಯಕ್ಷರು ಹೋಗಿಯಾಗಿತ್ತು. ಸಂಜೆ ಅವನು ಕೆಲಸದಿಂದ ಮರಳಿದಾಗ ಕೆಳಗಿನ ನಾಮಫಲಕದಲ್ಲಿ ಅವನ ಮನೆಯ ನಂಬರಿನ ಎದುರು 'ಎಂಜಿನಿಯರ್' ಎಂದು ಬಿಳಿ ಬಣ್ಣದಲ್ಲಿ ಬರೆದಿತ್ತು. ಸಂಘದ ಪೇಂಟರ್ ಕರೆದ ದಿನವೇ ಕೆಲಸಕ್ಕೆ ಬಂದದ್ದು ಅದೇ ಮೊದಲು, ಅದೇ ಕೊನೆ.

ನಾಳೆ ಹೇಳಿ ಸರಿಪಡಿಸಿದರಾಯಿತು ಎಂದುಕೊಂಡ. ಆ ನಾಳೆ ಬರಲೇ ಇಲ್ಲ. ಜನ ಎದುರು ಸಿಕ್ಕಾಗಲೆಲ್ಲ "ಎಂಜಿನಿಯರ್ರೇ" ಎಂದು ಕರೆಯುತ್ತಿದ್ದರು. ಯಾರೋ ಅಪರಿಚಿತನ ಶಾಲನ್ನು ತಪ್ಪಿ ತನಗೆ ಹೊದಿಸಿದಂತೆ ಮೊದಲೆರಡು ದಿನ ಮುಜುಗರವಾಯಿತು. ಮೂರನೆಯ ದಿನ ಶಾಲು ಬೆಚ್ಚಗೆನಿಸತೊಡಗಿತು. ಹೀಗಾಗಿ ನಾವೂ ಅವನನ್ನು ಎಂಜಿನಿಯರ್ ಎಂದೇ ಕರೆಯೋಣ.

ಲಿಫ್ಟ್ ಕಂಪನಿಯಲ್ಲಿ ಅವನು ನಿಜಕ್ಕೂ ಮಾಡುತ್ತಿದ್ದದ್ದು ಫೋನ್ ಎತ್ತುವ ಕೆಲಸ. ಎಲ್ಲಾದರೂ ಲಿಫ್ಟು ನಿಂತರೆ ಅವನ ಮೇಜಿನ ಮೇಲೆ ಗಂಟೆ ಹೊಡೆದುಕೊಳ್ಳುತ್ತಿತ್ತು. ಗಂಟೆ ಕೇಳಿದ್ದೇ ತಡ, ಅವನ ದಪ್ಪ ದನಿ ತಾನಾಗಿ ತೆಳ್ಳಗಾಗಿ, ಮೂಗಿನಲ್ಲಿ ಒಂದಿಷ್ಟು ಸುತ್ತಿ, ಸಕ್ಕರೆಪಾಕದಲ್ಲಿ ಅದ್ದಿಕೊಂಡು ಹೊರಬರುತ್ತಿತ್ತು: "ನಮಸ್ಕಾರ, ದೂರು ವಿಭಾಗ. ದಯವಿಟ್ಟು ಗಾಬರಿಯಾಗಬೇಡಿ. ಬಾಗಿಲು ಎಳೀಬೇಡಿ. ನಮ್ಮವರು ಹೊರಟಿದ್ದಾರೆ, ದಾರೀಲಿದ್ದಾರೆ." ನಮ್ಮವರು ಎಂದರೆ ಇಡೀ ಊರಿಗೆ ಇದ್ದ ಒಬ್ಬನೇ ಒಬ್ಬ ಮೆಕ್ಯಾನಿಕ್. ಆತ ಆಗ ಇನ್ಯಾವುದೋ ಲಿಫ್ಟಿನ ನೆತ್ತಿಯ ಮೇಲೆ ಕೂತಿರುತ್ತಿದ್ದ, ಇಲ್ಲವೇ ಟೀ ಅಂಗಡಿಯಲ್ಲಿರುತ್ತಿದ್ದ. ಆದರೆ ಸಿಕ್ಕಿಹಾಕಿಕೊಂಡವರಿಗೆ ಹಾಗೆ ಹೇಳಬಾರದೆಂದು ಕಂಪನಿಯ ಕಟ್ಟಪ್ಪಣೆಯಿತ್ತು.

ಇಷ್ಟರಲ್ಲಿ ಮುಗಿದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಅವನು ವಾಸವಿದ್ದ ಕಟ್ಟಡದ ಲಿಫ್ಟೂ ಅದೇ ಕಂಪನಿಯದು. ಅದು ವಾರಕ್ಕೊಮ್ಮೆಯಾದರೂ ಮಹಡಿ ಮಹಡಿಗಳ ನಡುವೆ ನಿಂತು ವಿಶ್ರಾಂತಿ ಪಡೆಯುತ್ತಿತ್ತು. ಹಗಲಿನಲ್ಲಿ ನೆರೆಹೊರೆಯವರು ಫೋನ್ ಮಾಡಿ ಆ ತೆಳ್ಳಗಿನ ದನಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಸಂಜೆ ಅವರೇ ಮೂರನೇ ಮಹಡಿಗೆ ಬಂದು ಎಂಜಿನಿಯರ್ ಮುಂದೆ ಅಳಲು ತೋಡಿಕೊಳ್ಳುತ್ತಿದ್ದರು.

"ನಿಮ್ಮ ಆಫೀಸಲ್ಲಿ ಫೋನ್ ಎತ್ತೋನು ಒಬ್ಬ ಇದಾನಲ್ಲ, ಅಂಥ ಸುಳ್ಳನ್ನ ನನ್ನ ಜನ್ಮದಲ್ಲಿ ನೋಡಿಲ್ಲ," ಎಂದು ಅಧ್ಯಕ್ಷರು ಕುರ್ಚಿ ಎಳೆದುಕೊಳ್ಳುತ್ತಿದ್ದರು. ಅವರು ನಿವೃತ್ತ ಹೆಡ್‌ಮಾಸ್ಟರು. ತಪ್ಪು ಮಾಡಿದವನನ್ನು ಬೆಂಚಿನ ಮೇಲೆ ನಿಲ್ಲಿಸುವವರೆಗೂ ಅವರಿಗೆ ಸಮಾಧಾನವಿಲ್ಲ. "ದಾರೀಲಿದ್ದಾರೆ, ದಾರೀಲಿದ್ದಾರೆ ಅಂತಾನೆ. ಯಾವ ದಾರಿ ಅದು? ಭೂಮಿಗೆ ಒಂದು ಸುತ್ತು ಬರೋ ದಾರಿನಾ?"

"ಕ್ರಮ ತಗೋತೀನಿ ಸಾರ್," ಎನ್ನುತ್ತಿದ್ದ ಎಂಜಿನಿಯರ್ ದಪ್ಪ ದನಿಯಲ್ಲಿ.

"ಕ್ರಮ ಅಂದ್ರೆ?"

"ಇನ್‌ಕ್ರಿಮೆಂಟ್ ಕಟ್ ಮಾಡಿಸ್ತೀನಿ."

ಅಧ್ಯಕ್ಷರು ತೃಪ್ತರಾಗಿ ಎದ್ದು ಹೋಗುತ್ತಿದ್ದರು. ಹೀಗೆ ತನ್ನನ್ನು ತಾನೇ ಎಷ್ಟೋ ಸಲ ಶಿಕ್ಷಿಸಿಕೊಂಡು, ಎರಡು ಸಲ ಛೀಮಾರಿ ಹಾಕಿಕೊಂಡು, ಒಮ್ಮೆ ಮೂರು ದಿನ ಅಮಾನತಿನಲ್ಲೂ ಇಟ್ಟುಕೊಂಡಿದ್ದ. ಒಳಗಿನಿಂದ ಹೆಂಡತಿ ಇದೆಲ್ಲ ಕೇಳಿಸಿಕೊಳ್ಳುತ್ತಿದ್ದಳು.

"ನಿಜ ಹೇಳಿಬಿಡಿ ಅಂತ ಎಷ್ಟು ಸಲ ಹೇಳಿದೀನಿ," ಎನ್ನುತ್ತಿದ್ದಳು. "ಒಂದಿನ ಇದು ನಿಮ್ಮ ಕುತ್ತಿಗೆಗೇ ಬರುತ್ತೆ."

"ಬರಲ್ಲ ಕಣೇ. ಆ ದನೀನೇ ಬೇರೆ, ಈ ದನೀನೇ ಬೇರೆ."

ಹೀಗಿರುವಾಗ ಸಂಘದ ವಾರ್ಷಿಕ ಸಭೆ ಸೇರಿತು. ಸಂಘದಲ್ಲಿ ಹೊಸ ಲಿಫ್ಟಿಗೆ ದುಡ್ಡು ಕೂಡಿತ್ತು. ಆದರೆ ಒಂದೇ ಲಿಫ್ಟಿಗೆ, ಮತ್ತು ಕಟ್ಟಡಗಳು ಎರಡು, ಎರಡರಲ್ಲೂ ಅದೇ ಕಂಪನಿಯ ಹಳೇ ಲಿಫ್ಟು. ಮುಂದಿನ ಕಟ್ಟಡದವರು ಹೊಸ ಲಿಫ್ಟು ತಮಗೆ ಬೇಕೆಂದರು, ಹಿಂದಿನ ಕಟ್ಟಡದವರು ತಮಗೆಂದರು. ಚೀಟಿ ಎತ್ತೋಣವೆಂದರೆ ಯಾರಿಗೂ ಯಾರ ಮೇಲೂ ನಂಬಿಕೆಯಿಲ್ಲ. ಹಗ್ಗ ಜಗ್ಗಾಟವೆಂದರೆ ಹಿಂದಿನ ವರ್ಷದ ಜಗ್ಗಾಟದಲ್ಲಿ ಹಿಡಿದುಕೊಂಡ ಸೊಂಟಗಳು ಇನ್ನೂ ಬಿಟ್ಟಿರಲಿಲ್ಲ. ಆಗ ಮುಂದಿನ ಕಟ್ಟಡದ ಹಲ್ಲಿನ ಡಾಕ್ಟರು ಎದ್ದು ನಿಂತರು. ಬಿಡುವಿನಲ್ಲಿ ಕಾದಾಡುವ ರೋಬೋ ಕಟ್ಟುವುದು ಅವರ ಹುಚ್ಚು. ಆ ವಿಷಯ ಹಿಂದಿನ ಕಟ್ಟಡದವರಿಗೆ ಗೊತ್ತಿರಲಿಲ್ಲ.

"ಮನುಷ್ಯರು ಯಾಕೆ ಹೊಡೆದಾಡ್ಬೇಕು? ಯಂತ್ರಗಳು ಹೊಡೆದಾಡ್ಲಿ," ಎಂದರು ಡಾಕ್ಟರು ಸಾಧುವಿನಂತೆ. "ಕಟ್ಟಡಕ್ಕೊಂದು ರೋಬೋ. ಗೆದ್ದೋರಿಗೆ ಲಿಫ್ಟು."

ಅಧ್ಯಕ್ಷರ ಎದೆ ಉಬ್ಬಿತು. "ಒಪ್ಪಿದೀವಿ! ನಮ್ಮಲ್ಲಿ ಎಂಜಿನಿಯರ್ರೇ ಇದಾರೆ!"

ಸಭೆ ಕತ್ತು ತಿರುಗಿಸಿತು. ಕೊನೆಯ ಸಾಲಿನಲ್ಲಿದ್ದ ಎಂಜಿನಿಯರ್ ಆಗತಾನೆ ಸಂಘದ ಬಿಟ್ಟಿ ಬಿಸ್ಕತ್ತು ಎರಡನ್ನು ಒಟ್ಟಿಗೆ ಬಾಯಿಗೆ ಹಾಕಿಕೊಂಡಿದ್ದ. ಬಾಯಿ ತೆರೆದರೆ ಮುಂದಿನ ಸಾಲಿನ ತಲೆಗಳ ಮೇಲೆ ಪುಡಿ ಬೀಳುತ್ತಿತ್ತು. ತಲೆಯಾಡಿಸಿದ. ಚಪ್ಪಾಳೆ ಬಿತ್ತು.

"ಇನ್ಮೇಲೆ ನೀವು ಮನೆಯಿಂದ ಹೊರಗೆ ಹೋಗುವಾಗ ಬಾಯಲ್ಲಿ ಏನೂ ಇಲ್ಲ ಅಂತ ನೋಡ್ಕೊಂಡೇ ಕಳಿಸ್ತೀನಿ," ಎಂದಳು ಹೆಂಡತಿ. "ಬೀದೀಲಿ ಹೋಗೋ ಮಾರೀನ ಮನೆಗೆ ಕರೆದಂಗಾಯ್ತು. ಬಲ್ಬ್ ಬದಲಾಯಿಸೋಕೆ ಕರೆಂಟಿನವನನ್ನ ಕರೆಸೋರು ನೀವು. ನಾಳೆನೇ ಹೋಗಿ ಆಗಲ್ಲ ಅನ್ನಿ."

ಆದರೆ ಅಷ್ಟರಲ್ಲಿ ಎಂಜಿನಿಯರ್ ತಲೆಯಲ್ಲಿ ಒಂದು ಲೆಕ್ಕಾಚಾರ ಹುಟ್ಟಿತ್ತು. ಗೆದ್ದರೆ ಹೊಸ ಲಿಫ್ಟು. ಹೊಸ ಲಿಫ್ಟು ಕೆಡುವುದಿಲ್ಲ. ಕೆಡದಿದ್ದರೆ ಯಾರೂ ಫೋನ್ ಮಾಡುವುದಿಲ್ಲ. ಫೋನ್ ಮಾಡದಿದ್ದರೆ ಆ ತೆಳ್ಳಗಿನ ದನಿಯ ಮಾತೇ ಬರುವುದಿಲ್ಲ, ಅವನು ಸಾಯುವ ತನಕ ಎಂಜಿನಿಯರ್. ಸೋತರೆ ಹಳೇ ಲಿಫ್ಟು, ಹಳೇ ಬೈಗುಳ, ಜೊತೆಗೆ 'ಇವನೆಂಥ ಎಂಜಿನಿಯರ್ರು?' ಎಂಬ ಹೊಸ ಪ್ರಶ್ನೆ. ಗೆಲ್ಲಲೇಬೇಕಿತ್ತು. ಅವನಿಗೆ ನಿಜವಾಗಿ ಭಯವಾಯಿತು.

ರೋಬೋ ಕಟ್ಟಲು ಸಂಘ ಕೊಟ್ಟದ್ದು ಪ್ರೋತ್ಸಾಹ ಮಾತ್ರ. ದುಡ್ಡು ಬಿಚ್ಚುವ ಮಾತು ಬಂದಾಗ ಎಲ್ಲರೂ "ಮನೇಲಿ ಏನಿದೆಯೋ ಅದನ್ನ ಕೊಡ್ತೀವಿ, ಕೇಳಿ" ಎಂದರು. ಎಂಜಿನಿಯರ್ ಫೋನಿನಲ್ಲಿ ಒಂದಷ್ಟು ವಿಡಿಯೋ ನೋಡಿ, ಬೇಕಾದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಬಾಗಿಲು ಬಾಗಿಲಿಗೂ ಹೋದ.

ಮೊದಲು ಅಧ್ಯಕ್ಷರು. ಅವರ ಕಾರು ಹೊದಿಕೆ ಹೊದ್ದು ಮಲಗಿ ಯಾವ ಕಾಲವಾಗಿತ್ತೋ. ಅದರ ಮುಂದಿನ ಗಾಜು ಒರೆಸುವ ವೈಪರಿನ ಮೋಟರು ಒಂದು, ಹಿಂದಿನ ಗಾಜಿನದು ಒಂದು, ಎರಡನ್ನೂ ಬಿಚ್ಚಿ ಕೊಟ್ಟರು, ಕಿಟಕಿಯ ಗಾಜು ಏರಿಸಿ ಇಳಿಸುವ ಸಣ್ಣ ಮೋಟರನ್ನೂ ಸ್ಕೂಟರಿನ ಬ್ಯಾಟರಿಯನ್ನೂ ಕೊಟ್ಟರು. "ಆದ್ರೆ ಒಂದು ಷರತ್ತು. ಮಳೆ ಬಂದ್ರೆ ತಕ್ಷಣ ವಾಪಸ್ ಕೊಡ್ಬೇಕು."

"ಕಾರು ಹೊರಗೆ ಹೋಗಲ್ವಲ್ಲ ಸಾರ್?"

"ಅದು ಬೇರೆ ವಿಷ್ಯ. ವೈಪರ್ ಇರೋದು ಮಳೆಗೆ."

ಎರಡನೇ ಮಹಡಿಯ ದರ್ಜಿ ತನ್ನ ದೊಡ್ಡ ಕತ್ತರಿ ಕೊಟ್ಟ. ಅದು ಅವನ ತಂದೆಯ ಕಾಲದ್ದು. "ತಗೊಳಿ ಎಂಜಿನಿಯರ್ರೇ, ಆಯುಧ ಅಂದ್ರೆ ಇದು. ಆದ್ರೆ ಬಟ್ಟೆ ಬಿಟ್ಟು ಬೇರೇನೂ ಕತ್ತರಿಸಬಾರ್ದು. ಕಾಗದ ಕತ್ತರಿಸಿದ್ರೂ ಸಾಣೆ ಹೋಗುತ್ತೆ."

"ಎದುರಿಗೆ ಬರೋದು ಕಬ್ಬಿಣದ ರೋಬೋ ಕಣಯ್ಯ."

"ಹಾಗಾದ್ರೆ ತೋರಿಸಿ ಹೆದರಿಸಿ, ಅಷ್ಟೇ."

ಚಕ್ರಗಳೂ ದರ್ಜಿಯ ಮನೆಯವೇ. ಹುಟ್ಟಲಿರುವ ಮಗುವಿಗೆಂದು ಮೊದಲೇ ಕೊಂಡಿಟ್ಟಿದ್ದ ತಳ್ಳುಗಾಡಿಯಿಂದ ನಾಲ್ಕನ್ನೂ ಕಳಚಿ ಕೊಟ್ಟ. ದರ್ಜಿಯ ಹೆಂಡತಿಗೆ ತುಂಬು ತಿಂಗಳು. ಹೆರಿಗೆಯೊಳಗೆ ಹಿಂತಿರುಗಿಸಬೇಕು ಎಂಬುದು ಷರತ್ತು. ಮೇಲಿನ ಮಹಡಿಯ ಅಜ್ಜಿ ಸೊಸೆ ಇಲ್ಲದ ಹೊತ್ತು ನೋಡಿ ಸೆರಗಿನಲ್ಲಿ ಮುಚ್ಚಿಕೊಂಡು ದೊಡ್ಡ ಕುಕ್ಕರಿನ ಮುಚ್ಚಳ ತಂದುಕೊಟ್ಟರು. "ಇದನ್ನ ಬೆನ್ನಿಗೆ ಹಾಕು ಮಗಾ, ಯಾವ ಏಟೂ ತಾಗಲ್ಲ. ಆದ್ರೆ ಇದಕ್ಕೆ ಏಟು ತಾಗಬಾರ್ದು. ನೆಗ್ಗಿದ್ರೆ ನನ್ನ ಸೊಸೆ ನನ್ನನ್ನೇ ಕುಕ್ಕರಿಗೆ ಹಾಕ್ತಾಳೆ."

ಇವೆಲ್ಲ ಕೂರಿಸಲು ಹಲಗೆ ಬೇಕಿತ್ತು. ಎಂಜಿನಿಯರ್ ಯಾರನ್ನೂ ಕೇಳದೆ ತನ್ನ ಅಡುಗೆಮನೆಯ ಕಪಾಟಿನ ಬಾಗಿಲು ಬಿಚ್ಚಿದ. ಅಂದಿನಿಂದ ಆ ಮನೆಗೆ ಬಂದವರಿಗೆಲ್ಲ ಪಾತ್ರೆ ಪಡಗಗಳ ದರ್ಶನವಾಗತೊಡಗಿತು. ಹೆಂಡತಿ ಒಂದು ದಿನ ಮಾತು ಬಿಟ್ಟಳು, ಮಾರನೆಯ ದಿನ ಕೆಲಸ ನಡೆಯುವುದನ್ನು ನೋಡಿ ತಡೆಯಲಾರದೆ, "ಸ್ಕ್ರೂ ಆ ಕಡೆ ಅಲ್ರೀ, ಈ ಕಡೆ ತಿರುಗ್ಸಿ" ಎಂದು ಮತ್ತೆ ಮಾತು ಶುರು ಮಾಡಿದಳು.

ಆ ಯಂತ್ರದಲ್ಲಿ ಅವನ ಸ್ವಂತದ್ದೆಂದರೆ ನಡೆಸುವ ಗುಂಡಿಗಳು ಮಾತ್ರ. ಆಫೀಸಿನ ಗುಜರಿಯಲ್ಲಿ ಬಿದ್ದಿದ್ದ ಹಳೇ ಲಿಫ್ಟಿನ ಗುಂಡಿಹಲಗೆಯನ್ನು ಮ್ಯಾನೇಜರು ಎತ್ತಿಕೊಂಡು ಹೋಗು ಎಂದಿದ್ದರು. ಅದಕ್ಕೆ ಉದ್ದನೆಯ ತಂತಿ ಜೋಡಿಸಿದ. ಒಂದನೇ ಮಹಡಿ ಒತ್ತಿದರೆ ಮುಂದೆ, ಎರಡನೇ ಮಹಡಿ ಒತ್ತಿದರೆ ಹಿಂದೆ, 'ಬಾಗಿಲು ತೆರೆ' ಎಂದರೆ ಕಿಟಕಿಯ ಮೋಟರಿಗೆ ಕಟ್ಟಿದ ಕತ್ತರಿ ಬಾಯಿ ಬಿಡುತ್ತದೆ, 'ಬಾಗಿಲು ಮುಚ್ಚು' ಎಂದರೆ ಕಚ್ಚುತ್ತದೆ. ಕೆಂಪು ಗುಂಡಿಗೆ ಅದರದೇ ತುರ್ತುಗಂಟೆ, ಗಂಟೆಗೆ ಅದರದೇ ಸಣ್ಣ ಬ್ಯಾಟರಿ ಅಂಟಿಕೊಂಡೇ ಬಂದಿತ್ತು. ಬಿಚ್ಚಲು ಗೊತ್ತಾಗದೆ ಹಾಗೇ ಬಿಟ್ಟ.

ಮೊದಲ ಪರೀಕ್ಷೆ ಕಾರು ನಿಲ್ಲಿಸುವ ಜಾಗದಲ್ಲಿ ಇಡೀ ಕಟ್ಟಡದ ಸಮ್ಮುಖದಲ್ಲಿ ನಡೆಯಿತು. ಗುಂಡಿ ಒತ್ತಿದ. ಯಂತ್ರ ಹೊರಟಿತು! ಎಲ್ಲರೂ ಹೋ ಎಂದರು. ಆದರೆ ಮುಂದಿನ ಗಾಜಿನ ಮೋಟರಿಗೆ ಶಕ್ತಿ ಜಾಸ್ತಿ, ಹಿಂದಿನದಕ್ಕೆ ಕಡಿಮೆ. ಒಂದು ಪಕ್ಕ ಓಡುತ್ತಿತ್ತು, ಇನ್ನೊಂದು ಪಕ್ಕ ನಡೆಯುತ್ತಿತ್ತು. ಯಂತ್ರ ಗಾಣದೆತ್ತಿನಂತೆ ಒಂದೇ ಸಮ ಸುತ್ತು ಹಾಕಿತು.

"ನೇರ ಹೋಗಲ್ವಾ?" ಎಂದರು ಅಧ್ಯಕ್ಷರು.

"ನೇರ ಹೋಗೋದು ಹಳೇ ಕಾಲದ ಪದ್ಧತಿ ಸಾರ್," ಎಂದ ಎಂಜಿನಿಯರ್. ಈಚೆಗೆ ಅವನಿಗೆ ಇಂಥ ಮಾತುಗಳು ತಾವಾಗಿ ಬರುತ್ತಿದ್ದವು. "ಇದು ಶತ್ರೂನ ಸುತ್ತುವರಿಯುತ್ತೆ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ಡೊಂಕನ್ನೇ ಕುಣಿತ ಎಂದ, ಜನ ಒಪ್ಪಿದರು. ಯಂತ್ರಕ್ಕೆ 'ಜಟ್ಟಿ' ಎಂದು ಹೆಸರಾಯಿತು.

ಕಾಳಗದ ದಿನ ಸಂಘದ ಸಭಾಂಗಣ ಕಿಕ್ಕಿರಿದಿತ್ತು. ನಡುವೆ ಟೇಬಲ್ ಟೆನಿಸ್ ಮೇಜುಗಳನ್ನು ಅಡ್ಡಲಾಗಿ ನಿಲ್ಲಿಸಿ ಅಖಾಡ ಮಾಡಿದ್ದರು. ಗೋಡೆಯಿಂದ ಗೋಡೆಗೆ 'ಸ್ವಾಗತ' ಎಂದು ಬರೆದ ಬಟ್ಟೆಯ ಬ್ಯಾನರು ಅಖಾಡದ ನೆಲಕ್ಕೆ ತಾಗುವಷ್ಟು ಜೋತುಬಿದ್ದಿತ್ತು. ತೀರ್ಪುಗಾರರಾಗಿ ಪಕ್ಕದ ಬೀದಿಯ ವ್ಯಾಯಾಮದ ಮೇಷ್ಟರು ಮೈಕು ಹಿಡಿದು ನಿಂತಿದ್ದರು. ನಿಯಮ ಎರಡೇ, ಬರೆದವರು ಹಲ್ಲಿನ ಡಾಕ್ಟರು. ಹತ್ತು ಎಣಿಸುವವರೆಗೆ ಅಲುಗದಿದ್ದರೆ ಸೋತಂತೆ, ಮಗುಚಿ ಬಿದ್ದರೆ ಆ ಕ್ಷಣವೇ ಸೋತಂತೆ.

ಡಾಕ್ಟರ ರೋಬೋ ಹೆಸರು 'ದವಡೆ'. ನೆಲಕ್ಕೆ ಹತ್ತಿಕೊಂಡ ಹೊಳೆಯುವ ಉಕ್ಕಿನ ಮೈ, ಮುಂದುಗಡೆ ಗರಗರ ತಿರುಗುವ ಹಲ್ಲಿನ ಚಕ್ರ, ತಂತಿಯಿಲ್ಲದ ರಿಮೋಟು. ಪಕ್ಕದಲ್ಲಿ ಜಟ್ಟಿ ನಿಂತಾಗ ಅಡುಗೆಮನೆಯಿಂದ ಸಾಮಾನು ಓಡಿಹೋಗುತ್ತಿರುವಂತೆ ಕಾಣುತ್ತಿತ್ತು. ಮುಂದಿನ ಕಟ್ಟಡದವರು ನಕ್ಕರು.

"ತಂತಿ ಇರಬಾರ್ದು!" ಎಂದರು ಡಾಕ್ಟರು.

"ತಂತಿ ಇರಬಾರ್ದು ಅಂತ ನಿಯಮದಲ್ಲಿಲ್ಲ," ಎಂದರು ಅಧ್ಯಕ್ಷರು. "ಬರೆದೋರು ನೀವೇ."

ಎಂಜಿನಿಯರ್ ಗುಂಡಿಹಲಗೆ ಹಿಡಿದ. ತಂತಿ ತುಳಿತಕ್ಕೆ ಸಿಗದಂತೆ ಹೆಂಡತಿ ಅದನ್ನು ಬಟ್ಟೆ ಒಣಗಿಸುವ ಹಗ್ಗದ ಹಾಗೆ ಎತ್ತಿ ಹಿಡಿದಳು. ಮೇಷ್ಟರು ಸೀಟಿ ಊದಿದರು.

ದವಡೆ ಬಾಣದಂತೆ ನುಗ್ಗಿತು. ಆದರೆ ಜಟ್ಟಿ ಆಗಲೇ ಸುತ್ತತೊಡಗಿತ್ತು. ದವಡೆ ಬಂದ ಜಾಗದಲ್ಲಿ ಜಟ್ಟಿ ಇರಲಿಲ್ಲ. ತಿರುಗಿ ಬಂದಾಗಲೂ ಇರಲಿಲ್ಲ. ನೇರ ಹೋಗುವ ಯಂತ್ರಕ್ಕೆ ಸುತ್ತುವ ಯಂತ್ರವನ್ನು ಹಿಡಿಯುವುದು ಕಷ್ಟ ಎಂಬುದು ಲೋಕಕ್ಕೆ ಅಂದೇ ತಿಳಿದದ್ದು. ಹಿಂದಿನ ಕಟ್ಟಡದವರು ಹುರಿದುಂಬಿಸಿದರು, ಆದರೆ ಅವರವರ ಸಾಮಾನಿಗೆ ತಕ್ಕಂತೆ.

"ಹೊಡಿ ಜಟ್ಟಿ! ಆದ್ರೆ ಮುಚ್ಚಳ ಜೋಪಾನ!" ಎಂದು ಅಜ್ಜಿ ಕೂಗಿದರು. ಅದು ಯಾವ ಮುಚ್ಚಳವೆಂದು ಪಕ್ಕದಲ್ಲಿದ್ದ ಸೊಸೆಗೆ ಆಗ ಗೊತ್ತಾಯಿತು.

"ಬಲಗಡೆ ಚಕ್ರ! ಬಲಗಡೆ ಚಕ್ರ!" ಎಂದು ದರ್ಜಿ. "ನನ್ನ ಮಗು ಅದರ ಮೇಲೆ ಕೂರ್ಬೇಕು!"

"ಯಾರಾದ್ರೂ ಕಿಟಕಿ ನೋಡ್ರಯ್ಯಾ, ಮೋಡ ಇದೆಯಾ?" ಎಂದು ಅಧ್ಯಕ್ಷರು.

ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎನ್ನುತ್ತಾರೆ. ಇಲ್ಲಿ ಆ ಹೊರೆಯ ಒಂದು ಕಡ್ಡಿಯೂ ಮುರಿಯುವಂತಿರಲಿಲ್ಲ. ಎಂಜಿನಿಯರ್ ಬೆವರುತ್ತ ಹಿಂದೆ, ಮುಂದೆ, ಬಾಗಿಲು ತೆರೆ, ಬಾಗಿಲು ಮುಚ್ಚು ಎಂದು ಒತ್ತುತ್ತಿದ್ದ. ಸುತ್ತುತ್ತ ಹೋದ ಜಟ್ಟಿ ಜೋತುಬಿದ್ದ ಬ್ಯಾನರಿನ ಅಂಚಿಗೆ ಬಾಯಿ ಹಾಕಿ ಕರಕ್ಕೆಂದು ಉದ್ದಕ್ಕೂ ಕತ್ತರಿಸಿಕೊಂಡು ಬಂತು. ಅರ್ಧ ಸ್ವಾಗತ ನೆಲಕ್ಕೆ ಬಿತ್ತು.

"ಬಟ್ಟೆ! ಬಟ್ಟೆನೇ ಕತ್ತರಿಸ್ತು!" ದರ್ಜಿಗೆ ಕಣ್ಣಲ್ಲಿ ನೀರು ಬಂತು. "ಎಂಥ ನಂಬಿಕಸ್ಥ ಯಂತ್ರ!"

ಅಷ್ಟರಲ್ಲಿ ದವಡೆ ಹಿಂದಿನಿಂದ ಬಂದು ಗುದ್ದಿತು. ಏಟು ಹಲಗೆಗೆ ಬಿತ್ತು. ಕಪಾಟಿನ ಬಾಗಿಲು ನಡುಗಿತು, ಬ್ಯಾಟರಿಯ ಒಂದು ತಂತಿ ಕಳಚಿಕೊಂಡಿತು. ಜಟ್ಟಿ ನಿಂತುಬಿಟ್ಟಿತು. ಮೇಷ್ಟರು ಎಂಜಿನಿಯರ್ ಪಕ್ಕಕ್ಕೆ ಬಂದು ನಿಂತು ಮೈಕಿನಲ್ಲಿ ಎಣಿಸತೊಡಗಿದರು.

"ಒಂದು... ಎರಡು..."

"ಒತ್ರೀ! ಏನಾದ್ರೂ ಒತ್ರೀ!" ಎಂದಳು ಹೆಂಡತಿ.

ಒಂದನೇ ಮಹಡಿ ಒತ್ತಿದ. ಎರಡನೇ ಮಹಡಿ ಒತ್ತಿದ. ಇಲ್ಲದ ಐದನೇ ಮಹಡಿಯನ್ನೂ ಒತ್ತಿದ.

"ಐದು... ಆರು..."

ಅಜ್ಜಿ, ದರ್ಜಿ, ಅಧ್ಯಕ್ಷರು ಒಟ್ಟಿಗೆ ಕಿರುಚುತ್ತಿದ್ದರು. ಹೊಸ ಲಿಫ್ಟು ಕಣ್ಣೆದುರೇ ಕೈತಪ್ಪುತ್ತಿತ್ತು. ಎಂಜಿನಿಯರ್ ಕಣ್ಣು ಮುಚ್ಚಿ ಅಂಗೈಯಿಂದ ಇಡೀ ಗುಂಡಿಹಲಗೆಯನ್ನೇ ಒತ್ತಿದ. ಕೆಂಪು ಗುಂಡಿ ಒಳಗೆ ಹೋಯಿತು.

"ಏಳು..."

ಟ್ರಿಣ್‌ಣ್‌ಣ್ ಎಂದು ಗಂಟೆ ಹೊಡೆದುಕೊಂಡಿತು. ಆಫೀಸಿನ ಮೇಜಿನ ಮೇಲಿನಂಥದೇ ಗಂಟೆ, ಅದೇ ಸದ್ದು. ಆ ಸದ್ದಿಗೆ ಎಷ್ಟೋ ವರ್ಷಗಳಿಂದ ಪಳಗಿದ ಗಂಟಲು ಯಜಮಾನನ ಅಪ್ಪಣೆಗೆ ಕಾಯಲಿಲ್ಲ. ಎಂಜಿನಿಯರ್ ಬೆನ್ನು ನೆಟ್ಟಗೆ ಮಾಡಿ, ತೆಳ್ಳಗೆ, ಮೂಗಿನಲ್ಲಿ ಸುತ್ತಿ, ಸಕ್ಕರೆಪಾಕದಲ್ಲಿ ಅದ್ದಿ, ಮೇಷ್ಟರ ಮೈಕಿನೊಳಕ್ಕೆ ನುಡಿದ:

"ನಮಸ್ಕಾರ, ದೂರು ವಿಭಾಗ. ದಯವಿಟ್ಟು ಗಾಬರಿಯಾಗಬೇಡಿ. ಬಾಗಿಲು ಎಳೀಬೇಡಿ. ನಮ್ಮವರು ಹೊರಟಿದ್ದಾರೆ, ದಾರೀಲಿದ್ದಾರೆ."

ಎರಡೂ ಕಟ್ಟಡಗಳಲ್ಲಿ ಆ ದನಿ ಕೇಳದ ಕಿವಿಯಿರಲಿಲ್ಲ. ಮೇಷ್ಟರ ವ್ಯಾಯಾಮಶಾಲೆಯೂ ಯಾವುದೋ ಕಟ್ಟಡದ ಮೇಲಿನ ಮಹಡಿಯಲ್ಲೇ ಇತ್ತು. ಅವರ ಎಣಿಕೆ ಏಳಕ್ಕೆ ನಿಂತಿತು. ಹಲ್ಲಿನ ಡಾಕ್ಟರು ಮೆಲ್ಲಗೆ ತಿರುಗಿದರು. ಒಂದು ಮಧ್ಯಾಹ್ನ ಅವರು ಇಕ್ಕಳ ಹಿಡಿದು ಕೆಟ್ಟ ಲಿಫ್ಟಿನಲ್ಲಿ ಸಿಕ್ಕಿಬಿದ್ದಿದ್ದರು. ಮೇಲೆ ಕ್ಲಿನಿಕ್ಕಿನ ಕುರ್ಚಿಯಲ್ಲಿ ದವಡೆ ಮರಗಟ್ಟಿಸಿಕೊಂಡ ರೋಗಿ ಬಾಯಿ ತೆರೆದು ಕೂತಿದ್ದ. ಆ ದವಡೆಗೆ ಜೀವ ವಾಪಸು ಬಂದರೂ 'ನಮ್ಮವರು' ಬಂದಿರಲಿಲ್ಲ.

"ನೀನೇನಾ ಅದು?" ಎಂದರು ಡಾಕ್ಟರು ಹಲ್ಲು ಕಡಿಯುತ್ತ. ಸಿಟ್ಟಿನಲ್ಲಿ ಅವರ ಹೆಬ್ಬೆರಳು ರಿಮೋಟಿನ ಮೇಲೆ ಒತ್ತಿಕೊಂಡೇ ಇತ್ತು. ಕಣ್ಣು ಮಾತ್ರ ಅಖಾಡದ ಮೇಲಿರಲಿಲ್ಲ. ದವಡೆ ಪೂರ್ತಿ ವೇಗದಲ್ಲಿ ಓಡಿ ನೆಲದ ಮೇಲಿದ್ದ ಅರ್ಧ ಸ್ವಾಗತದೊಳಕ್ಕೆ ನುಗ್ಗಿತು. ಹಲ್ಲಿನ ಚಕ್ರಕ್ಕೆ ಬಟ್ಟೆಯನ್ನು ಸುತ್ತಿ ಸುತ್ತಿ ಸುತ್ತಿಕೊಂಡು, ದವಡೆ ತನ್ನನ್ನೇ ಎತ್ತಿ ನೆಲಕ್ಕೆ ಅಪ್ಪಳಿಸಿಕೊಂಡು, ಅಂಗಾತ ಬಿತ್ತು.

ಮೇಷ್ಟರಿಗೆ ನಿಯಮ ನೆನಪಾಯಿತು. "ಮಗುಚಿ ಬಿದ್ದಿದೆ. ಹಿಂದಿನ ಕಟ್ಟಡಕ್ಕೆ ಜಯ," ಎಂದರು ಸಣ್ಣ ದನಿಯಲ್ಲಿ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವುದುಂಟು. ಇಲ್ಲಿ ಜಟ್ಟಿ ಗೆದ್ದು ಯಜಮಾನನ ಮೀಸೆ ಮಣ್ಣಾಗಿತ್ತು.

ಅಧ್ಯಕ್ಷರು ಹತ್ತಿರ ಬಂದರು. "ಅಂದ್ರೆ... ಆ ಮನುಷ್ಯನಿಗೆ ಇನ್‌ಕ್ರಿಮೆಂಟ್ ಕಟ್ ಮಾಡಿಸಿದೀನಿ ಅಂದ್ರಲ್ಲ, ಅದೂ ಸುಳ್ಳಾ?"

ಎಂಜಿನಿಯರ್ ಬಾಯಲ್ಲಿ ಈಗ ಬ್ರಶ್ಶೂ ಇರಲಿಲ್ಲ, ಬಿಸ್ಕತ್ತೂ ಇರಲಿಲ್ಲ. ಆದರೂ ಅಭ್ಯಾಸಬಲದಿಂದ ತಲೆಯಾಡಿಸಿದ. ಹೆಂಡತಿ ತಂತಿ ಸುತ್ತಿಕೊಳ್ಳುತ್ತ ಹೇಳಿದಳು: "ಅದೊಂದು ಮಾತ್ರ ನಿಜ ಸಾರ್. ನಮ್ಮನೆಗೆ ಇನ್‌ಕ್ರಿಮೆಂಟ್ ಬಂದು ಬಹಳ ವರ್ಷ ಆಯ್ತು."

"ಸೂಟಿನ ಅಳತೆಗೆ ಬಂದ ಗಿರಾಕಿ ಲಿಫ್ಟಲ್ಲೇ ಬೆವತು ವಾಪಸ್ ಹೋದ," ಎಂದ ದರ್ಜಿ. "ಅವತ್ತು ನಾನು ಬೈದಿದ್ದೆಲ್ಲ ನಿಮಗೇನಾ?"

"ಹೌದು," ಎಂದ ಎಂಜಿನಿಯರ್. "ನನ್ನ ವಂಶದ ಬಗ್ಗೆ ಹೇಳಿದ್ದೂ ನನಗೇ."

ಅಜ್ಜಿ ಮಾತ್ರ ಕೋಲೂರಿಕೊಂಡು ಬಂದು ಅವನ ಮುಖವನ್ನೇ ನೋಡಿದರು. "ಅಯ್ಯೋ, ಅದು ನೀನೇನಾ ಮಗಾ? ಲಿಫ್ಟ್ ಸರಿ ಇದ್ದಾಗ್ಲೂ ನಾನು ಒಂದೆರಡು ಸಲ ಫೋನ್ ಮಾಡಿದೀನಿ. 'ದಯವಿಟ್ಟು ಗಾಬರಿಯಾಗಬೇಡಿ' ಅಂತ ನಮ್ಮನೇಲಿ ಯಾರಂತಾರೆ?" ಎಂದವರು ಸೊಸೆಯ ಕಡೆ ನೋಡಿ, ಥಟ್ಟನೆ ಬಗ್ಗಿ ಜಟ್ಟಿಯ ಬೆನ್ನಿನಿಂದ ಮುಚ್ಚಳ ಕಿತ್ತುಕೊಂಡರು.

ಅದೇ ಸೂಚನೆಯಾಯಿತು. ದರ್ಜಿ ಕತ್ತರಿಯನ್ನು ಬೆಳಕಿಗೆ ಹಿಡಿದು ಸಾಣೆ ನೋಡಿದ, ಚಕ್ರಗಳನ್ನು ಬಗಲಿಗೆ ಸಿಕ್ಕಿಸಿಕೊಂಡ. ಅಧ್ಯಕ್ಷರು ಮೋಟರು, ಬ್ಯಾಟರಿ ಬಿಚ್ಚಿಸಿಕೊಂಡರು. ಹೆಂಡತಿ ಕಪಾಟಿನ ಬಾಗಿಲನ್ನು ತಲೆಯ ಮೇಲೆ ಹೊತ್ತುಕೊಂಡು ಮನೆಗೆ ನಡೆದಳು. ಗೆದ್ದ ಯಂತ್ರದ ಫೋಟೋ ತೆಗೆಯಲು ಕ್ಯಾಮೆರಾದವನು ಬಂದಾಗ ಅಖಾಡದಲ್ಲಿ ಗುಂಡಿಹಲಗೆ ಹಿಡಿದ ಎಂಜಿನಿಯರ್ ಒಬ್ಬನೇ ನಿಂತಿದ್ದ. ಗಂಟೆಗೆ ಕೈ ತಾಗದಂತೆ ಜಾಗ್ರತೆಯಾಗಿ ಹಿಡಿದಿದ್ದ.

ಮುಂದಿನ ದಿನಗಳಲ್ಲಿ ಅವನು ತಲೆ ತಗ್ಗಿಸಿಕೊಂಡೇ ಮೆಟ್ಟಿಲಿಳಿದ. ಯಾರೂ ಬೈಯಲಿಲ್ಲ, ಯಾರೂ ಏನೆಂದೂ ಕರೆಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಅವನಿಗೆ. ಫೋನಿನಲ್ಲಾದರೆ ಬೈಗುಳ ಅಭ್ಯಾಸವಿತ್ತು, ಈ ಮೌನ ಅಭ್ಯಾಸವಿರಲಿಲ್ಲ. ಇತ್ತ ಹೊಸ ಲಿಫ್ಟಿಗೆ ಬೇರೆ ಕಂಪನಿಗಳು ಕೇಳಿದ ಬೆಲೆಗೆ ಸಂಘ ಹೌಹಾರಿ, ಕೊನೆಗೆ ಹಳೇ ಕಂಪನಿಗೇ ಹೇಳಿತು. ಹೊಸ ಲಿಫ್ಟು ಹೊರಟಿದೆ, ದಾರಿಯಲ್ಲಿದೆ ಎಂದು ಕಂಪನಿ ತಿಳಿಸಿತು.

ಅದು ದಾರಿಯಲ್ಲಿರುವಾಗಲೇ ಒಂದು ಮಧ್ಯಾಹ್ನ ಎಂಜಿನಿಯರ್ ಮೇಜಿನ ಮೇಲೆ ಗಂಟೆ ಹೊಡೆಯಿತು.

"ನಮಸ್ಕಾರ, ದೂರು ವಿಭಾಗ. ದಯವಿಟ್ಟು ಗಾಬರಿಯಾಗಬೇಡಿ. ಬಾಗಿಲು—"

"ನಾನು," ಎಂದಿತು ಆಚೆಯ ದನಿ. ಅಧ್ಯಕ್ಷರದು. "ಎರಡನೇ ಮಹಡಿಗೂ ಮೂರನೇ ಮಹಡಿಗೂ ಮಧ್ಯೆ ಇದೀನಿ. ಹೇಳಿ, ನಿಮ್ಮವರು ಹೊರಟಿದ್ದಾರಾ?"

ಎಂಜಿನಿಯರ್ ಸುತ್ತ ನೋಡಿದ. ಮ್ಯಾನೇಜರು ಊಟಕ್ಕೆ ಹೋಗಿದ್ದರು. ಕಿಟಕಿಯಾಚೆ ಟೀ ಅಂಗಡಿಯ ಬೆಂಚಿನ ಮೇಲೆ ಮೆಕ್ಯಾನಿಕ್ ಬಿಸಿ ಟೀಗೆ ಉಫ್ ಉಫ್ ಎಂದು ಊದುತ್ತಿದ್ದ. ಎಂಜಿನಿಯರ್ ಗಂಟಲು ಸರಿಮಾಡಿಕೊಂಡ. ಹೊರಬಂದದ್ದು ದಪ್ಪ ದನಿ.

"ಇಲ್ಲ ಸಾರ್. ಹೊರಟಿಲ್ಲ. ಟೀ ಕುಡೀತಿದ್ದಾರೆ. ಟೀ ಆದ್ಮೇಲೆ ಆಸ್ಪತ್ರೆ ಲಿಫ್ಟ್ ನೋಡ್ಬೇಕು. ಅದಾದ್ಮೇಲೆ ನಿಮ್ಮ ಹತ್ರ. ಸಂಜೆ ಆಗುತ್ತೆ."

ಎಂಜಿನಿಯರ್ ಫೋನನ್ನು ಕಿವಿಗೆ ಒತ್ತಿದ. ಒಳಗೆ ಏನೋ ಸರಿದಾಡಿದ ಸದ್ದು, ಮಂಡಿ ಲಟಕ್ಕೆಂದ ಸದ್ದು, ಆಮೇಲೆ ಒಂದು ದೀರ್ಘ ನಿಟ್ಟುಸಿರು.

"ಸಾರ್? ಹುಷಾರಾಗಿದೀರಾ?"

"ಕೂತ್ಕೊಂಡೆ ಕಣ್ರೀ," ಎಂದರು ಅಧ್ಯಕ್ಷರು. "ಇಷ್ಟು ವರ್ಷ ದಾರೀಲಿದ್ದಾರೆ ಅಂತ ನಂಬ್ಕೊಂಡು ನಿಂತೇ ಕಾಯ್ತಿದ್ದೆ. ಈಗ ಹಾಯಾಗಿದೆ. ನೀವು ಫೋನ್ ಇಡಬೇಡಿ ಎಂಜಿನಿಯರ್ರೇ, ಏನಾದ್ರೂ ಮಾತಾಡ್ತಿರಿ."

ಎಂಜಿನಿಯರ್ ಕಣ್ಣು ಒದ್ದೆಯಾಯಿತು. ಇವತ್ತು ನಿಜ ಹೇಳಲು ಶುರು ಮಾಡಿಯಾಗಿದೆ, ಪೂರ್ತಿ ಮುಗಿಸಿಬಿಡೋಣ ಎಂದುಕೊಂಡ.

"ಸಾರ್, ನಾನು ಎಂಜಿನಿಯರ್ ಅಲ್ಲ. ಅವತ್ತು ಬಾಯಲ್ಲಿ ಬ್ರಶ್ ಇತ್ತು. ದಯವಿಟ್ಟು ಬೋರ್ಡಲ್ಲಿ ಬರೆದಿರೋದನ್ನ ಅಳಿಸಿಬಿಡಿ."

"ಗೊತ್ತು ಬಿಡಿ. ಅಳಿಸೋಕೆ ಪೇಂಟರ್‌ಗೆ ಅವತ್ತೇ ಹೇಳಿದೀನಿ."

"ಬರ್ತಾನಂತಾ ಸಾರ್?"

"ಗಾಬರಿಯಾಗಬೇಡಿ," ಎಂದರು ಅಧ್ಯಕ್ಷರು. "ಹೊರಟಿದ್ದಾನೆ, ದಾರೀಲಿದ್ದಾನೆ."